ನಾನೊಬ್ಬ ಬಿಟ್ಟು ಎಲ್ಲರೂ ಮುಳುಗಿದ ಪ್ರವಾಸ

೧೯೮೭ನೇ ಇಸವಿಯಲ್ಲಿ ನಾನು ನನ್ನ ವಿದ್ಯಾಭ್ಯಾಸವನ್ನು ಸಂಪೂರ್ಣಗೊಳಿಸಿದೆ. ಅಂದರೆ ಏಳನೇ ಕ್ಲಾಸಿನ ಪರೀಕ್ಷೆಗೆ ಹೋಗುವ ಬದಲು ಕಾರ್ಕಳದಲ್ಲಿ ಬೊಂಬಾಯಿ ಬಸ್ಸು ಹತ್ತಿದೆ. ಮುಂದಿನದನ್ನೆಲ್ಲ ಕಲಿತದ್ದು ಡೊಂಬಿವಲಿಯ ಹೋಟೆಲಿನಲ್ಲಿ. ಲೋಟ ತೊಳೆದೆ, ಟೇಬಲ್ ಒರೆಸಿದೆ, ದೋಸೆ ಹುಯ್ದೆ, ಕೊನೆಗೆ ಗಲ್ಲಾದಲ್ಲಿ ಕುಳಿತೆ. ಈಗ ಸ್ಟೇಷನ್ನಿನ ಪೂರ್ವಕ್ಕೆ ಇರುವ ಹೋಟೆಲು ನನ್ನದೇ. ಬಡಿದು ನೋಡದೆ ನಾನು ಒಂದು ತೆಂಗಿನಕಾಯಿ ಕೊಂಡವನಲ್ಲ. ತಿರುಗಿಸಿ, ಒತ್ತಿ, ಮೂಸಿ ನೋಡದೆ ಒಂದು ಹೂಕೋಸನ್ನು ಚೀಲಕ್ಕೆ ಹಾಕಿದವನಲ್ಲ. ಇಂಥ ಮನುಷ್ಯನಿಗೆ ಒಂದು ಸಮುದ್ರವನ್ನು ಆರಿಸುವುದು ಯಾವ ದೊಡ್ಡ ಕೆಲಸ!

ಹಾಗೆಂದುಕೊಂಡೆ. ಆವತ್ತಿನಿಂದ ಹಿಡಿದ ದಣಿವು ಇನ್ನೂ ಬಿಟ್ಟಿಲ್ಲ.

ನಮ್ಮ ಕನ್ನಡ ಸಂಘದ ಪ್ರವಾಸ ಸಮಿತಿ ಸೇರುವುದು ನನ್ನ ಹೋಟೆಲಿನಲ್ಲೇ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಗಿರಾಕಿ ಬರುವ ತನಕ ಮೂಲೆಯ ಮೇಜು ಖಾಲಿಯಿರುತ್ತದೆ. ಚಹಾ ನನ್ನದು, ಗೋಳಿಬಜೆ ನನ್ನದು. ಆದ್ದರಿಂದ ಸಂಚಾಲಕನೂ ನಾನೇ. ವರ್ಷಾವರ್ಷ ಶಿರಡಿ, ಬೇಜಾರಾದರೆ ಮಹಾಬಳೇಶ್ವರ. ಈ ಸಲ ಕಾಮೋಠೆಯ ಮಧುಸೂದನ್ ಎದ್ದು ನಿಂತರು. ಅವರು ಮೈಸೂರಿನವರು, ಕಂಪ್ಯೂಟರ್ ಕೆಲಸದವರು, ಗೋಳಿಬಜೆಯ ಎಣ್ಣೆಯನ್ನು ಕಾಗದಕ್ಕೆ ಒತ್ತಿ ತೆಗೆದು ತಿನ್ನುವವರು.

"ಸಾರ್, ಈ ಸಲ ಸ್ಕೂಬಾ ಡೈವಿಂಗ್‌ಗೆ ಹೋಗೋಣ. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಕೊಂಡು ಸಮುದ್ರದ ಒಳಗಡೆ ಇಳಿಯೋದು. ಹವಳ, ಬಣ್ಣಬಣ್ಣದ ಮೀನು ಎಲ್ಲ ನೋಡ್ಬಹುದು. ಈಜು ಬರ್ಲೇಬೇಕು ಅಂತೇನಿಲ್ಲ."

ರಬಾಳೆಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿರುವ ಗದಗಿನ ಪಾಟೀಲರು ನಕ್ಕರು. "ಅಲ್ರೀ, ನೀರಾಗ ಮುಳಗಾಕ ರೊಕ್ಕ ಯಾಕ ಕೊಡಬೇಕು? ಮಳಿಗಾಲದಾಗ ದಿವಾ ಸ್ಟೇಷನ್ನಿಗೆ ಹೋಗಿ ನಿಂದರ್ರಿ, ಪುಗಸಟ್ಟೆ ಮುಳಗತೀರಿ!"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನನಗೆ ಮಗಳ ನೆನಪಾಗಿತ್ತು.

ನನ್ನ ಮಗಳು ಪ್ರೇರಣಾ ಠಾಣೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಾಳೆ. ಓದುವುದೆಂದರೆ ಐರೋಲಿಯ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕೆಸರಿನಲ್ಲಿ ಏಡಿ ಎಣಿಸಿ, ಅದೇ ಕೆಸರಿನೊಂದಿಗೆ ಮನೆಗೆ ಬರುವುದು. ಹತ್ತನೇ ಕ್ಲಾಸಿನ ನಂತರ ಅವಳು ನಮ್ಮ ಜೊತೆ ಒಂದು ಪ್ರವಾಸಕ್ಕೂ ಬಂದಿಲ್ಲ. ಚಿಕ್ಕವಳಿದ್ದಾಗ ಅವಳು ಕರೆದರೆ ನನಗೆ ಹೋಟೆಲು ಬಿಡಲು ಆಗುತ್ತಿರಲಿಲ್ಲ. ಈಗ ನಾನು ಕರೆದರೆ ಅವಳಿಗೆ ಏಡಿ ಬಿಡಲು ಆಗುವುದಿಲ್ಲ. ಬರುವ ವರ್ಷ ಮುಂದಿನ ಓದಿಗೆ ಬೇರೆ ಊರಿಗೆ ಹೊರಟವಳು. ಅದಕ್ಕೆ ಮುಂಚೆ ಒಮ್ಮೆ ನಾವು ಮೂವರೂ ಒಟ್ಟಿಗೆ ಎಲ್ಲಿಗಾದರೂ ಹೋಗಬೇಕೆಂಬುದು ನನ್ನ ಆಸೆ. ಸಮುದ್ರವೆಂದರೆ ಬಂದಾಳು!

ಮನೆಗೆ ಹೋಗಿ ಹೇಳಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರ ಬರುವುದು ಹಿಂದಿಯಲ್ಲಿ.

"ಪಪ್ಪಾ, ತುಮ್ ಲೋಗ್ ಜಹಾಂ ಜಾತೇ ಹೋ, ಕಚರಾ ಕರ್‌ಕೇ ಆತೇ ಹೋ."

ನಾವು ಹೋದಲ್ಲೆಲ್ಲ ಕಸ ಮಾಡಿ ಬರುತ್ತೇವೆಂಬುದು ಸುಳ್ಳೆಂದು ಹೇಳುವಂತಿರಲಿಲ್ಲ. ಮಹಾಬಳೇಶ್ವರದ ಗುಡ್ಡದ ಮೇಲೆ ನಮ್ಮ ಸಂಘ ಬಿಟ್ಟು ಬಂದ ಕಾಗದದ ತಟ್ಟೆಗಳನ್ನು ಮಂಗಗಳು ತಲೆಗೆ ಇಟ್ಟುಕೊಂಡು ಕುಳಿತಿದ್ದ ಫೋಟೋ ಇನ್ನೂ ಗ್ರೂಪಿನಲ್ಲಿದೆ.

"ಈ ಸಲ ಹಾಗಲ್ಲ ಮಗಾ. ಸಮುದ್ರಕ್ಕೆ ಒಂದು ಕೂದಲಿನಷ್ಟೂ ತೊಂದರೆ ಆಗದ ಜಾಗ ಆರಿಸ್ತೇನೆ. ನಿನ್ನ ಅಪ್ಪನ ಮಾತು!"

ಅವಳು ಡೈವಿಂಗ್ ಮಾಡಿಸುವವರನ್ನು ಕೇಳಬೇಕಾದ ಪ್ರಶ್ನೆಗಳನ್ನು ಹೇಳಿಕೊಟ್ಟಳು. ದೋಣಿ ನಿಲ್ಲಿಸಲು ಹವಳದ ಮೇಲೆ ಲಂಗರು ಎಸೆಯುತ್ತೀರೋ, ತೇಲುವ ಬೋಯಾಕ್ಕೆ ಕಟ್ಟುತ್ತೀರೋ? ಮೀನಿಗೆ ತಿಂಡಿ ಹಾಕುತ್ತೀರೋ? ಹವಳ ಮುಟ್ಟಲು ಬಿಡುತ್ತೀರೋ? ಸರಿಯಾದ ಉತ್ತರ ಕೊಡುವವರು ಸಿಕ್ಕಿದರೆ ಬರುತ್ತೇನೆ ಎಂದಳು. ಹೆಂಡತಿ ಸುಮತಿ ಅಡುಗೆಮನೆಯಿಂದಲೇ ಹೇಳಿದಳು: "ಮಗಳೇ, ಇವ್ರು ಎಂತ ಕಂಡ್ರೂ ಮೊದಲು ಅದನ್ನು ಮುಟ್ಟಿ ನೋಡುವ ಜಾತಿ. ಈಗಲೇ ಹೇಳಿದ್ದೇನೆ."

ಆ ಮಾತಿಗೆ ನಾನು ಬೆಲೆ ಕೊಡಲಿಲ್ಲ.

ಮರುದಿನ ಗಲ್ಲಾದಲ್ಲಿ ಕುಳಿತು ಫೋನು ಹಚ್ಚಿದೆ. ಮೂವತ್ತು ವರ್ಷ ತರಕಾರಿ ಮಾರುಕಟ್ಟೆಯವರ ಜೊತೆ ಮಾತಾಡಿದ ನಾಲಿಗೆ ಅದು, ಮೊದಲ ಕರೆಯಲ್ಲೇ ಕೇಳಿತು, "ನಿಮ್ಮಲ್ಲಿ ಹವಳ ತಾಜಾ ಇದೆಯಾ?" ಆ ಕಡೆಯವನು, "ಬಿಲ್ಕುಲ್ ತಾಜಾ, ಅಂಕಲ್!" ಎಂದ. ಮೀನಿಗೆ ತಿಂಡಿ? "ಬ್ರೆಡ್ ಹಮಾರೀ ತರಫ್ ಸೇ!" ಬ್ರೆಡ್ಡು ಪುಕ್ಕಟೆ ಎಂದಾಗ ಹೋಟೆಲಿನವನ ಮನಸ್ಸು ಒಂದು ಕ್ಷಣ ಸೋತಿತು. ಮುಟ್ಟಬಹುದಾ? "ಜೀ ಭರ್‌ಕೇ!" ಮನಸಾರೆ ಮುಟ್ಟಬಹುದಂತೆ! ಫೋನಿಟ್ಟೆ. ಇನ್ನೊಬ್ಬನು ಲಂಗರಿನ ಪ್ರಶ್ನೆಗೆ, "ಅಂಕಲ್, ಆಪ್ ಡೈವಿಂಗ್ ಕರೇಂಗೇ ಯಾ ಜಹಾಜ್ ಖರೀದೇಂಗೇ?" ಎಂದ. ನಾನು ಡೈವಿಂಗಿಗೆ ಬರುವವನೋ ಹಡಗು ಕೊಳ್ಳುವವನೋ ಎಂದು ನನ್ನನ್ನೇ ಕೇಳಿದ!

ಮುಂದಿನ ಸಭೆಗಳನ್ನು ನೆನೆಸಿಕೊಂಡರೆ ಈಗಲೂ ಸೊಂಟ ನೋಯುತ್ತದೆ. ಒಬ್ಬರು ಅಂಡಮಾನ್ ಎಂದರು. ಮಧುಸೂದನ್ ತಲೆಯಾಡಿಸಿದರು: "ಅಲ್ಲ ಸಾರ್, ಇಷ್ಟು ಜನ ವಿಮಾನದಲ್ಲಿ ಹೋಗಿ ಹೊಗೆ ಬಿಟ್ಟು, ಸಮುದ್ರ ಬಿಸಿಯಾಯ್ತು ಅಂತ ಅಲ್ಲಿ ಹೋಗಿ ಅಳೋದಾ?" ಲಕ್ಷದ್ವೀಪ ಎಂದರೆ ಪರವಾನಗಿ. ಮುರ್ಡೇಶ್ವರದ ನೇತ್ರಾಣಿ ಎಂದರೆ ಮಂಗಳೂರಿನ ಕಡೆಯವರೆಲ್ಲ, "ಊರಿಗೇ ಹೋಗುವುದಾದ್ರೆ ಪ್ರವಾಸ ಎಂತದ್ದು? ಚಿಕ್ಕಮ್ಮನ ಮನೆಗೂ ಹೋಗ್ಬೇಕಾಗ್ತದೆ" ಎಂದರು. ಬಿಸಿಲಿನ ಕ್ರೀಮು ಹವಳಕ್ಕೆ ವಿಷ, ಹಚ್ಚಿಕೊಳ್ಳಬಾರದು ಎಂದು ಮಗಳು ಬರೆದು ಕಳಿಸಿದ್ದನ್ನು ನಾನು ಓದಿ ಹೇಳಿದೆ. ಹೆಂಗಸರ ಸಾಲಿನಲ್ಲಿ ದಂಗೆ! "ನಾವು ಕಪ್ಪಾದ್ರೆ ಹವಳ ಬಂದು ಬಿಳಿ ಮಾಡ್ತದಾ?"

ಕೊನೆಗೆ ಪಾಟೀಲರು ಮೇಜು ಕುಟ್ಟಿದರು. "ಒಂದ್ ಮಾತ್ ಕೇಳ್ರಿ. ಸಮುದ್ರಕ್ಕ ತ್ರಾಸ ಆಗಬಾರದಂದ್ರ, ನಾವ್ ಹೋಗದ ಇರೂದ ಛಲೋ ಅಲ್ಲೇನು?"

ಸರಿಯಾದ ಮಾತೇ. ಆ ಮಾತನ್ನು ಮನೆಗೆ ಒಯ್ದೆ. ಮಗಳು ಕೆಸರಿನ ಬೂಟು ತೊಳೆಯುತ್ತಾ ಹೇಳಿದ್ದರ ಸಾರಾಂಶ ಇಷ್ಟು: ಹವಳ ಜೀವಂತ ಇದ್ದರೆ ಊಟ ಸಿಗುತ್ತದೆ ಎಂದಾದರೆ ಅಲ್ಲಿನ ಮೀನುಗಾರರೇ ಅದನ್ನು ಕಾಯುತ್ತಾರೆ. ಹೋಗಬೇಕು; ಕಾಯುವವರ ಹತ್ತಿರ ಹೋಗಬೇಕು. ಕಾಯದವರ ಹತ್ತಿರ ಹೋಗಬಾರದು. ಕೊಂಕಣ ಕರಾವಳಿಯ ಮಾಲವಣದ ಕಡೆ ಅಂಥವರೊಬ್ಬರು ಇದ್ದಾರೆಂದು ಅವಳ ಗೆಳತಿ ಹೇಳಿದ್ದಳಂತೆ.

"ಹಾಗಾದ್ರೆ ನಾನು ಮೊದಲು ಹೋಗಿ ನೋಡ್ತೇನೆ. ಸ್ಯಾಂಪಲ್ ನೋಡದೆ ಆರ್ಡರ್ ಕೊಡುವವ ನಾನಲ್ಲ," ಎಂದೆ. ಆಶ್ಚರ್ಯ! ಮಗಳು ತಾನೂ ಬರುತ್ತೇನೆಂದಳು. ನನ್ನ ಮೇಲಿನ ಪ್ರೀತಿಯಿಂದಲ್ಲ, ಸಮುದ್ರದ ಮೇಲಿನ ಕಾಳಜಿಯಿಂದ.

ದಿವಾದಿಂದ ಸಾವಂತವಾಡಿಗೆ ಹೋಗುವ ಪ್ಯಾಸೆಂಜರ್ ಗಾಡಿ ಹಿಡಿದೆವು. ಆ ಗಾಡಿ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ, ಸ್ಟೇಷನ್ನು ಇಲ್ಲದ ಕಡೆ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ. ಮರುದಿನ ದೋಣಿಯ ಯಜಮಾನನನ್ನು ಕಂಡೆವು. ಅಲ್ಲಿ ಅಂಥವನನ್ನು ತಾಂಡೇಲ ಎನ್ನುತ್ತಾರೆ. ಗಂಭೀರ ಮನುಷ್ಯ. ಮಗಳ ಪ್ರಶ್ನೆಗಳಿಗೆಲ್ಲ ಅವನದು ಒಂದೊಂದೇ ಶಬ್ದದ ಉತ್ತರ. ಲಂಗರು? ನಾಹೀ. ಬ್ರೆಡ್ಡು? ನಾಹೀ. ಮುಟ್ಟುವುದು? ಅದಕ್ಕೆ ಮಾತ್ರ ಅವನು ನನ್ನ ಕಡೆ ತಿರುಗಿ ಬಾಯಿಬಿಟ್ಟು ಹೇಳಿದ: "ಹಾಥ್ ಲಾವಾಯಚಾ ನಾಹೀ, ಶೇಟ್." ಮುಟ್ಟುವಂತಿಲ್ಲ. ಮಗಳ ಮುಖ ಅರಳಿತು. ನನ್ನ ಎದೆ ಅದಕ್ಕಿಂತ ಹೆಚ್ಚು ಅರಳಿತು. ಮೈಗಂಟುವ ರಬ್ಬರಿನ ಅಂಗಿಯೊಳಗೆ ನನ್ನನ್ನು ತುರುಕಲು ಇಬ್ಬರು ಬೇಕಾದರು. ಅದಕ್ಕೆ ಎದೆ ಅರಳಿದ್ದಷ್ಟೇ ಕಾರಣವಲ್ಲ, ಹೊಟ್ಟೆಯೂ ಇತ್ತು.

ನೀರಿನೊಳಗೆ ಇಳಿದೆ. ಒಬ್ಬ ಡೈವರ್ ಹಿಂದಿನಿಂದ ನನ್ನ ಸಿಲಿಂಡರನ್ನು ಹಿಡಿದು, ಕೈಗಾಡಿಯಂತೆ ತಳ್ಳಿಕೊಂಡು ಹೋಗುತ್ತಿದ್ದ. ಮಗಳು ಪಕ್ಕದಲ್ಲೇ ಮೀನಿನ ಹಾಗೆ ಹೋಗುತ್ತಿದ್ದಳು. ಸದ್ದಿಲ್ಲ, ಆರ್ಡರಿಲ್ಲ, "ಶೇಟ್, ಸಾಂಬಾರ್ ಬೇಕು" ಎನ್ನುವವರಿಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ನಿದ್ದೆ ಬರುವುದರಲ್ಲಿತ್ತು.

ಆಗ ಹವಳ ಕಂಡಿತು. ದುಂಡಗೆ, ದಪ್ಪಗೆ, ಗಂಟುಗಂಟಾಗಿ, ಥೇಟು ಹೂಕೋಸು!

ನನ್ನ ಬುದ್ಧಿ ಬೇಡವೆಂದಿತು. ಕೈ ಕೇಳಲಿಲ್ಲ. ಮಾಲು ಎದುರಿಗೆ ಬಂದರೆ ಅದು ಯಜಮಾನನ ಅಪ್ಪಣೆಗೆ ಕಾಯುವ ಕೈಯಲ್ಲ. ಜೀವ ಇದೆಯೋ ಇಲ್ಲವೋ, ಸಂಘಕ್ಕೆ ವರದಿ ಕೊಡಬೇಡವೇ? ಬೆರಳಿನ ಗೆಣ್ಣಿನಿಂದ ಟಕ್ಕೆಂದು ಒಮ್ಮೆ ಬಡಿದೆ.

ಅದರ ಪಕ್ಕದಲ್ಲೇ ಕಪ್ಪು ಮುಳ್ಳಿನ ಚೆಂಡಿನಂಥ ಪ್ರಾಣಿಯೊಂದು ಕುಳಿತಿತ್ತು. ಅದನ್ನು ನಾನು ನೋಡಿರಲಿಲ್ಲ. ಅದು ನನ್ನನ್ನು ನೋಡಿತ್ತು! ಬೆರಳಿಗೆ ಬೆಂಕಿ ಬಿದ್ದಂತಾಯಿತು. ಕಿರುಚಲು ಬಾಯಲ್ಲಿ ನಳಿಗೆ. ಕಿರುಚುವ ಕೆಲಸವನ್ನು ಕಾಲುಗಳು ವಹಿಸಿಕೊಂಡವು. ಕಾಲಿಗೆ ಕಟ್ಟಿದ್ದ, ಬಾತುಕೋಳಿಯ ಪಾದದಂಥ ರಬ್ಬರಿನ ರೆಕ್ಕೆ ಒಮ್ಮೆ ಬೀಸಿತು, ಎರಡು ಸಲ ಬೀಸಿತು, ಮೂರನೆಯ ಸಲ ಏನೋ ಮುರಿದದ್ದು ಕಾಲಿಗೇ ತಿಳಿಯಿತು. ಹವಳದ ಒಂದು ತುಂಡು, ಮೆಲ್ಲಗೆ ಉರುಳುತ್ತಾ ನನ್ನ ಕಣ್ಣ ಮುಂದೆಯೇ ಬಂತು.

ನಾನು ಪ್ರಾಮಾಣಿಕ ಮನುಷ್ಯ. ನನ್ನ ಹೋಟೆಲಿನ ನಿಯಮ ಇಪ್ಪತ್ತು ವರ್ಷದಿಂದ ಒಂದೇ: ಲೋಟ ಒಡೆದವನು ಚೂರನ್ನು ಅಡಗಿಸಬಾರದು, ತಂದು ಗಲ್ಲಾದ ಮುಂದೆ ಇಟ್ಟು, ಅದರ ಬೆಲೆ ಕೊಟ್ಟು, ತಲೆ ಎತ್ತಿಕೊಂಡು ಹೋಗಬೇಕು. ಚೂರು ಅಡಗಿಸಿದವನಿಗೆ ನಾನು ಮರುದಿನ ಕೆಲಸ ಕೊಟ್ಟವನಲ್ಲ. ಅಂಥವನು ಸಮುದ್ರದಲ್ಲಿ ಒಡೆದು ಸುಮ್ಮನೆ ಬರುವುದುಂಟೇ? ತುಂಡನ್ನು ಮುಷ್ಟಿಯಲ್ಲಿ ಹಿಡಿದೆ. ಮೇಲೆ ಬಂದೆ. ದೋಣಿ ಹತ್ತಿ, ಎಲ್ಲರ ಎದುರಿಗೆ ತಾಂಡೇಲನ ಮುಂದಿನ ಹಲಗೆಯ ಮೇಲೆ ಅದನ್ನಿಟ್ಟು, ನೆಟ್ಟಗೆ ನಿಂತು ಹೇಳಿದೆ:

"ನನ್ನಿಂದ ಒಡೆಯಿತು. ಕಿತೀ ಝಾಲೇ?" ಎಷ್ಟಾಯಿತು?

ತಾಂಡೇಲ ಹಲಗೆ ನೋಡಿದ. ನನ್ನನ್ನು ನೋಡಿದ. ಸುತ್ತ ಬೇರೆ ದೋಣಿ ಇದೆಯೋ ಎಂದು ನೋಡಿದ.

"ಅಹೋ ಶೇಟ್! ಹೇ ಕಾಯ್ ಕೇಲಂತ್! ಇದೆಂಥ ಕೆಲಸ ಮಾಡಿದಿರಿ! ಇದನ್ನು ನೀರಿನಿಂದ ಹೊರಗೆ ತರುವುದೇ ಅಪರಾಧ! ಹಿಡಿದರೆ ನೀವಲ್ಲ, ನಾನು ಜೈಲಿಗೆ!" ಎಂದು ಮರಾಠಿಯಲ್ಲಿ ಕೂಗಿದ. ಒಡೆದದ್ದು ತಪ್ಪಂತೆ, ಒಡೆದದ್ದನ್ನು ಪ್ರಾಮಾಣಿಕವಾಗಿ ತಂದು ತೋರಿಸಿದ್ದು ಅದಕ್ಕಿಂತ ದೊಡ್ಡ ತಪ್ಪಂತೆ! ಡೈವರ್ ಅದನ್ನು ಕಿತ್ತುಕೊಂಡು ಮತ್ತೆ ನೀರಿಗೆ ಧುಮುಕಿದ.

ಮಗಳು ದೋಣಿಯ ಅಂಚು ಹಿಡಿದು ಮೇಲೆ ಬಂದಳು. ಮುಖವಾಡ ತೆಗೆದಳು. ಆಮೇಲೆ ಬೈದಳು, ಕನ್ನಡದಲ್ಲಿ!

"ಮುಟ್ಬಾರ್ದು ಅಂತ ಎಷ್ಟು ಸಲ ಹೇಳಿದ್ದು? ಚಿಕ್ಕ ಮಕ್ಕಳಾ ನೀವು? ಅದು ಬೆಳೀಲಿಕ್ಕೆ ಎಷ್ಟು ವರ್ಷ ಬೇಕು ಗೊತ್ತುಂಟಾ? ಹೋಟೆಲು ಅಂತ ಮಾಡಿದ್ದೀರಾ ಸಮುದ್ರವನ್ನು?"

ಒಂದು ತಪ್ಪಿಲ್ಲ! ಅವಳ ಅಮ್ಮನ ದನಿ, ಅಮ್ಮನ ಏರಿಳಿತ. ಹೆಮ್ಮೆಪಡಬೇಕೋ ನೀರಿಗೆ ಹಾರಬೇಕೋ ತಿಳಿಯಲಿಲ್ಲ. ಹಾರಲು ಬಿಡುವವರೂ ಇರಲಿಲ್ಲ.

ದಡದಲ್ಲಿ ತಾಂಡೇಲನ ಹೆಂಡತಿ ಒಂದು ಪಾತ್ರೆ ಬಿಸಿನೀರು ತಂದಿಟ್ಟಳು. ಮುಳ್ಳು ಹೊಕ್ಕ ಬೆರಳುಗಳನ್ನು ಅದರಲ್ಲಿ ಅದ್ದಿ ಕುಳಿತೆ. ಮಗಳು ದೂರ ಮರಳಿನ ಮೇಲೆ ನನಗೆ ಬೆನ್ನು ಮಾಡಿ ಕುಳಿತಿದ್ದಳು. ಮುಗಿಯಿತು ಎಂದುಕೊಂಡೆ. ಪ್ರವಾಸ ಹೋದರೆ ಹೋಗಲಿ, ಅವಳು ಇನ್ನು ನನ್ನ ಜೊತೆ ಕಲ್ಯಾಣಿನ ತರಕಾರಿ ಮಾರುಕಟ್ಟೆಗೂ ಬರಲಾರಳು. ದಣಿವೆಂದರೆ ಏನೆಂದು ನಾನು ಒಲೆಯ ಮುಂದೆ ಕಲಿತವನು. ಆದರೆ ಈ ದಣಿವು ಬೇರೆ ಜಾತಿಯದು.

ತಾಂಡೇಲ ಬಂದು ಎದುರಿಗೆ ನಿಂತ. ನಾನು ಮತ್ತೆ ಎಷ್ಟಾಯಿತೆಂದು ಕೇಳಲು ಬಾಯಿ ತೆರೆದೆ. ಅವನು ಕೈಯೆತ್ತಿ ತಡೆದ. ನಿಮ್ಮ ಮಂಡಳಿಯನ್ನು ಕರೆತನ್ನಿ, ಎಲ್ಲರನ್ನೂ ಇಳಿಸುತ್ತೇನೆ, ಆದರೆ ಒಂದು ಷರತ್ತು ಎಂದ.

"ತುಮ್ಹೀ ನಾಹೀ." ನೀವು ಇಳಿಯುವಂತಿಲ್ಲ!

ಮಗಳು ತಿರುಗಿ ನೋಡಿದಳು. ಎದ್ದು ಬಂದಳು. ಅವಳ ಮುಖದಲ್ಲಿ ಸಿಟ್ಟು ಹೋಗಿ ಬೇರೇನೋ ಬಂದಿತ್ತು.

"ಪಪ್ಪಾ, ಯಹೀ ಹೈ! ಇದೇ ಜಾಗ! ಗ್ರೂಪ್ ಬುಕಿಂಗ್ ಕೊಡುವವರನ್ನೇ ಬೇಡ ಅಂದ್ರು! ಇಂಥವರು ಎಲ್ಲಿ ಸಿಗ್ತಾರೆ?"

"ಮತ್ತೆ... ನೀನು ಬರ್ತೀಯಾ?"

"ಬರ್ಲೇಬೇಕಲ್ಲ. ನಿಮ್ಮನ್ನು ಕಾಯಲಿಕ್ಕೆ ಯಾರಿದ್ದಾರೆ?"

ಸಮಿತಿಯ ಮುಂದೆ ನಾನು ಎದ್ದು ನಿಂತು, ಬ್ಯಾಂಡೇಜಿನ ಕೈಯನ್ನು ಬೆನ್ನ ಹಿಂದೆ ಕಟ್ಟಿ ವರದಿ ಒಪ್ಪಿಸಿದೆ. ಮಾನ್ಯ ಸದಸ್ಯರೇ, ಸಂಚಾಲಕನನ್ನು ಸಮುದ್ರದಿಂದ ಬಹಿಷ್ಕರಿಸಿದ ಏಕೈಕ ಸಂಸ್ಥೆ ಇದಾಗಿರುವುದರಿಂದ, ಸಾಗರದ ಹಿತದೃಷ್ಟಿಯಿಂದ ಇದನ್ನೇ ಆರಿಸಬೇಕೆಂದು ಸ್ವತಃ ಸಂಚಾಲಕನೇ ಶಿಫಾರಸು ಮಾಡುತ್ತಿದ್ದಾನೆ. ನಮ್ಮ ಸಂಘದ ಚರಿತ್ರೆಯಲ್ಲೇ ಮೊದಲ ಬಾರಿಗೆ ಠರಾವು ಸರ್ವಾನುಮತದಿಂದ ಪಾಸಾಯಿತು. ಪಾಟೀಲರು ಎರಡೂ ಕೈ ಎತ್ತಿದರು.

ಈ ಬರಹದ ಉಳಿದ ಸಾಲುಗಳನ್ನು ದೋಣಿಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಬಿಸಿಲು ನೆತ್ತಿಗೆ ಬಂದಿದೆ. ದೋಣಿಯನ್ನು ಬೋಯಾಕ್ಕೆ ಕಟ್ಟಿದ್ದಾರೆ. ಮಗಳು ನಮ್ಮ ತಂಡವನ್ನು ಕೈಹಿಡಿದು ಕರೆದುಕೊಂಡು ಇಳಿದಿದ್ದಾಳೆ. ಸುಮತಿಯೂ ಹೋಗಿದ್ದಾಳೆ, ಹೋಗುವಾಗ ನನ್ನ ಕಡೆ ನೋಡಿ ನಕ್ಕೂ ಹೋಗಿದ್ದಾಳೆ. ನೀರಿನ ಮೇಲೆ ಗುಳ್ಳೆಗಳು ಬರುತ್ತಿವೆ. ಯಾವುದು ಯಾರದೆಂದು ಇಲ್ಲಿಂದ ತಿಳಿಯುವುದಿಲ್ಲ. ಎಲ್ಲರೂ ಇಳಿಯುವ ಮುಂಚೆ ತಮ್ಮ ತಮ್ಮ ಸಾಮಾನನ್ನು ನನ್ನ ಮಡಿಲಿಗೆ ಹಾಕಿ ಹೋದರು.

ಸದ್ಯ ನನ್ನ ಹತ್ತಿರ ಇರುವುದು ಇಷ್ಟು. ಚಪ್ಪಲಿ ಒಂಬತ್ತು ಜೊತೆ. ಮೊಬೈಲು ಏಳು. ಕನ್ನಡಕ ನಾಲ್ಕು. ಕರಿಮಣಿ ಸರ ಎರಡು, ಅದರಲ್ಲಿ ಒಂದು ನಾನೇ ಕಟ್ಟಿದ್ದು. ಹಲ್ಲಿನ ಸೆಟ್ಟು ಒಂದು, ಪಾಟೀಲರದು.