ನಮ್ಮ ಮಾವನ ಸೊಟ್ಟ ಚಪ್ಪರ

ನಮ್ಮ ಸೋದರಮಾವನಂತೆ ಮದುವೆ ಚಪ್ಪರ ಹಾಕುವವರು ಗುಂಡ್ಲುಪೇಟೆ ಸೀಮೆಯಲ್ಲೇ ಇರಲಿಲ್ಲ. ಅವನನ್ನು ಎರಡನೇ ಸಲ ಕರೆದ ಮನೆಯೂ ಇರಲಿಲ್ಲ!

ಚಪ್ಪರವೆಂದರೆ ಏನು ಮಹಾ? ಕಂಬ ನೆಟ್ಟು, ಬಿದಿರು ಕಟ್ಟಿ, ಮೇಲೆ ತೆಂಗಿನ ಗರಿ ಹೊದಿಸಿದರೆ ಮುಗಿಯಿತು. ನಮ್ಮ ಮಾವ ಮಾತ್ರ ಮೊದಲು ಎರಡು ದಿನ ಮದುವೆಮನೆಯ ಅಂಗಳದಲ್ಲಿ ಅಂಗಾತ ಮಲಗಿ ಆಕಾಶ ನೋಡುತ್ತಿದ್ದ. ತೆರಕಣಾಂಬಿಯಲ್ಲಿ ಹಾಗೆ ಮಲಗಿ ಎದ್ದವನು, ಮುಹೂರ್ತಕ್ಕೆ ಸರಿಯಾಗಿ ಬಿಸಿಲು ಮದುಮಗಳ ಮುಖಕ್ಕೇ ಬೀಳಲೆಂದು ಗರಿಗಳ ನಡುವೆ ಒಂದು ಕಿಂಡಿ ಬಿಟ್ಟ. ಗಂಡಿನವರ ಬಸ್ಸು ದಾರಿಯಲ್ಲಿ ಕೆಟ್ಟಿತು. ಬಿಸಿಲು ಯಾರಿಗಾಗಿ ಕಾಯುತ್ತದೆ? ಧಾರೆಯ ಹೊತ್ತಿಗೆ ಅದು ಓಲಗದವನ ಬೋಳುತಲೆಯ ಮೇಲೆ ಝಗಝಗಿಸುತ್ತಿತ್ತು!

"ಬಸ್ಸು ಕೆಟ್ರೆ ನಾನೇನ್ ಮಾಡಾನ? ನನ್ ಸೂರ್ಯ ಟೈಮಿಗ್ ಸರ್ಯಾಗೇ ಬಂದಿದ್ದ ಕಣ್ರಪ್ಪ," ಎಂದ.

ಭೀಮನಬೀಡಿನಲ್ಲಿ ಚಪ್ಪರದ ಬಾಗಿಲನ್ನು ಕುತ್ತಿಗೆಮಟ್ಟಕ್ಕೆ ಕಟ್ಟಿದ. "ಮದ್ವೆಗ್ ಬರೋರು ಒಸಿ ಬಗ್ಗಿ ಬರ್ಲಿ," ಎಂದು ಅವನ ವಾದ. ಜನ್ಮದಲ್ಲಿ ಯಾರಿಗೂ ಬಗ್ಗದ ಮದುಮಗನ ತಾತ ಅರ್ಧ ಮಾತ್ರ ಬಗ್ಗಿದರು. ತಾತ ಒಳಗೆ, ಪೇಟ ಗರಿಯಲ್ಲಿ! ಮಾವ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಅಲ್ಲೇ ಇರ್ಲಿ ಬುಡಿ, ಚಪ್ಪರಕ್ಕೆ ಒಪ್ತದೆ," ಎಂದ.

ಮೊದಲ ಚುನಾವಣೆ ಮುಗಿದ ವರ್ಷ ಚಾಮರಾಜನಗರದ ನಮ್ಮ ಮನೆಯಲ್ಲಿ ನನ್ನ ಮದುವೆ. ಅಪ್ಪ ತೀರಿಕೊಂಡಿದ್ದರು. ಗಂಡ ಸತ್ತವಳು ಚಪ್ಪರದೊಳಗೆ ಕಾಲಿಡಬಾರದು ಎಂದು ದೊಡ್ಡಪ್ಪನ ಕಟ್ಟಪ್ಪಣೆ. ನಾನು ಊಟ ಬಿಟ್ಟು ಕೂತೆ. "ನಾ ಅಡ್ಗೆಮನೇಲಿದ್ದೇ ಓಲಗ ಕೇಳಿಸ್ಕತೀನಿ ಬುಡಮ್ಮಿ," ಎಂದಳು ಅಮ್ಮ.

ಈ ಸಲ ಮಾವ ಹೋಗಿ ಮಲಗಿದ್ದು ಅಡಿಗೆಮನೆಯಲ್ಲಿ! ಎದ್ದವನೇ ಕಿಟಕಿಯಾಚೆಯ ಕೋಳಿಗಳನ್ನು ತೋರಿಸಿ, "ಅಕ್ಕಾ, ಅವ್ಕೆ ಒಂದಿಡಿ ಅಕ್ಕಿ ಎರಚು," ಎಂದ. ಅಮ್ಮ ಎರಚಿದಳು. "ಇನ್ನೊಂದ್ ಕಿತ." ಅಕ್ಕಿ ಬಿದ್ದಲ್ಲಿ ಹೋಗಿ ಒಂದು ಕಲ್ಲಿಟ್ಟ. ಮದುವೆಯ ಅಕ್ಕಿ ಕೋಳಿಪಾಲಾಯಿತಲ್ಲ ಎಂದು ನಮಗೆಲ್ಲ ಸಂಕಟ.

ಕೊನೆಗೆ ಎದ್ದ ಚಪ್ಪರವೋ, ಮುಂಬಾಗಿಲಲ್ಲಿ ಹೊರಟು ಮನೆಯ ಪಕ್ಕಕ್ಕೆ ಸೊಟ್ಟಗೆ ತಿರುಗಿಕೊಂಡಿತ್ತು. ಹಸೆಮಣೆ ಹೋಗಿ ಹಿತ್ತಲಲ್ಲಿ, ಕೋಳಿ ಮೇಯುವ ಜಾಗದಲ್ಲಿ!

"ಏನ್ಲಾ ಇದು, ಮುರ್ದೋದ ಮೊಣಕೈ ಇದ್ದಂಗದೆ?" ಎಂದು ದೊಡ್ಡಪ್ಪ ರೇಗಿದರು.

"ಮುಂದ್ಗಡೆ ಜಾಗ ಸಾಲ್ದು ಭಾವ."

ನೆಂಟರು ನಕ್ಕರು. ನಾನೂ ಮನಸ್ಸಿನಲ್ಲೇ ಮಾವನನ್ನು ಬೈದುಕೊಂಡೆ.

ತಾಳಿ ಕಟ್ಟುವಾಗ, ಎಲ್ಲರ ಅಕ್ಷತೆಯ ಜೊತೆ ಎದುರಿನಿಂದ ಒಂದು ಹಿಡಿ ಬಂದು ನನ್ನ ನೆತ್ತಿಗೆ ಬಿತ್ತು. ತಲೆಯೆತ್ತಿದೆ. ಎದುರಿಗೆ ಅಡಿಗೆಮನೆಯ ಕಿಟಕಿ. ಸರಳುಗಳ ನಡುವೆ ಚಾಚಿದ ಅಮ್ಮನ ಕೈ. ಅವಳು ಚಪ್ಪರದೊಳಗೆ ಕಾಲಿಟ್ಟಿರಲಿಲ್ಲ. ದೊಡ್ಡಪ್ಪ ಏನು ತಾನೆ ಹೇಳಿಯಾರು? ನನಗೆ ಅಳು ತಡೆಯಲಾಗಲಿಲ್ಲ.

ಕಂಬಕ್ಕೊರಗಿ ನಿಂತಿದ್ದ ಮಾವ ಕಣ್ಣೊರೆಸಿಕೊಂಡು ಕೂಗಿದ: "ಕೋಳಿಗ್ ಎರ್ಚಿದ್ಕಿಂತ ಸರ್ಯಾಗ್ ಬಿತ್ತು ಕಣಕ್ಕಾ!"