ಆದಿತ್ಯವಾರ ನಾನು ಕಟ್ಟಿದ ಕಂಪೈಲರ್

ಕುಂಬಳೆಯ ಹತ್ತಿರದ ಕಾಲೇಜೊಂದರಲ್ಲಿ ನಾನು ಇಲೆಕ್ಟ್ರಾನಿಕ್ಸ್ ಮಾಸ್ಟ್ರು. ಕಂಪ್ಯೂಟರ್ ಚಿಪ್ಪಿನೊಳಗೆ ಏನೇನಿರಬೇಕೆಂದು ಬರೆದುಕೊಡುವ ಭಾಷೆಯೊಂದುಂಟು, ಅದನ್ನು ಕಲಿಸುತ್ತೇನೆ. ಬರೆದದ್ದನ್ನು ಓದಿ ಸರಿ ತಪ್ಪು ಹೇಳುವ ಕಂಪೈಲರ್ ನಮ್ಮ ಲ್ಯಾಬಿನಲ್ಲಿ ಹಳತಾಗಿ ಕೈಕೊಟ್ಟಿತ್ತು. ಸೋಮವಾರ ಪ್ರಾಕ್ಟಿಕಲ್ ಪರೀಕ್ಷೆ. ಹೆದರಬೇಡಿ, ಅದರ ಮೂಲ ಕೋಡ್ ಇಂಟರ್ನೆಟ್ಟಿನಿಂದ ತಂದು ಹೊಸತನ್ನು ನಾನೇ ಕಟ್ಟುತ್ತೇನೆ ಎಂದು ತರಗತಿಯಲ್ಲಿ ಘೋಷಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಅಲ್ಲಿಗೇ ನಿಲ್ಲಿಸಬೇಕಿತ್ತು!

ಆದಿತ್ಯವಾರ ಬೆಳಗ್ಗೆ ಚಹಾ ಕುಡಿದು, ದೇವರಿಗೆ ಕೈಮುಗಿದು ಲ್ಯಾಪ್‌ಟಾಪಿಗೆ ಆಜ್ಞೆ ಕೊಟ್ಟೆ. ಅದು ಇನ್ನೊಂದು ತಂತ್ರಾಂಶ ಬೇಕೆಂದಿತು. ಅದನ್ನು ತಂದರೆ ಅದಕ್ಕೆ ಮತ್ತೊಂದು ಬೇಕು. ಮದುವೆಗೆ ಒಬ್ಬ ಭಾವನನ್ನು ಕರೆದರೆ ಉಳಿದ ಭಾವಂದಿರೆಲ್ಲ ಮುನಿಸಿಕೊಂಡ ಹಾಗೆ. ಎಲ್ಲರನ್ನೂ ಕರೆದು ಕೂರಿಸುವಾಗ ಡಿಸ್ಕ್ ತುಂಬಿತು. ಜಾಗಕ್ಕಾಗಿ ‘ಹಳತು’ ಎಂಬ ಫೋಲ್ಡರನ್ನು ಧೈರ್ಯದಿಂದ ಅಳಿಸಿದೆ. ಮೂಲ ಕೋಡನ್ನು ನಾನೇ ಅದರೊಳಗೆ ಇಳಿಸಿಟ್ಟದ್ದು ಆಮೇಲೆ ನೆನಪಾಯಿತು!

ಪುನಃ ಇಳಿಸಿದೆ. ಬೇಗ ಮುಗಿಯಲೆಂದು ಲ್ಯಾಪ್‌ಟಾಪಿನ ಶಕ್ತಿಯನ್ನೆಲ್ಲ ಒಟ್ಟಿಗೆ ದುಡಿಯಲು ಹಚ್ಚಿದೆ. ಅದರ ಮೈ ದೋಸೆ ಕಾವಲಿಯಷ್ಟು ಕಾದಿತು. ಅಷ್ಟರಲ್ಲಿ ಹೆಂಡತಿ ಸುಮಾ ಗ್ರೈಂಡರಿಗೆ ಉದ್ದು ಹಾಕಿ ಸ್ವಿಚ್ ಒತ್ತಿದಳು. ಮನೆಯ ಫ್ಯೂಸ್ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತಿದ್ದರಿಂದ ಅರ್ಧ ಕಟ್ಟಿದ ಕಂಪೈಲರೂ ಹೋಯಿತು.

ಫ್ಯೂಸ್ ಹಾಕಿ ಬಂದು, ರಾಷ್ಟ್ರೀಯ ಮಹತ್ವದ ಕಾರ್ಯವೊಂದು ನಡೆಯುತ್ತಿರುವಾಗ ಗ್ರೈಂಡರ್ ಹಾಕಬಾರದೆಂದು ಸವಿನಯ ವಿನಂತಿಸಿದೆ.

“ಹಾಗಾದ್ರೆ ನಾಳೆ ಇಡ್ಲಿಯ ಬದಲು ಎಂತ ತಿನ್ನುದು, ಕಂಪೈಲರನ್ನಾ?” ಎಂದಳು.

ಅವಳು ಉದ್ದಿನ ಪಾತ್ರೆ ಎತ್ತಿಕೊಂಡು ನೆರೆಮನೆಗೆ ಹೋದಳು. ಗಂಡ ಮನೆಯಲ್ಲಿ ಎಂತದೋ ಕಟ್ಟುತ್ತಿದ್ದಾರೆ ಎಂದು ಅಲ್ಲಿ ಹೇಳಿದಳಂತೆ. ಮಧ್ಯಾಹ್ನ ನೆರೆಮನೆಯವರು ಬಂದು, ಮರಳು ಎಲ್ಲಿಂದ ತರಿಸಿದಿರಿ ಎಂದು ವಿಚಾರಿಸಿದರು.

ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತು. ಕಂಪೈಲರ್ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಎಲ್ಲದರಲ್ಲೂ ಪಾಸಾಯಿತು. ನಾನು ಜಗಲಿಯಲ್ಲಿ ಕುಣಿಯುವುದೊಂದು ಬಾಕಿ! ಸುಮಾಳೂ ನಕ್ಕು, ಅಂತೂ ಗೆದ್ದಿರಿ ಎಂದಳು.

ಮರುದಿನ ಪರೀಕ್ಷೆಗೆ ಮೊದಲು ಲ್ಯಾಪ್‌ಟಾಪನ್ನು ಲ್ಯಾಬಿಗೆ ಒಯ್ದಾಗ ಎಲ್ಲರೂ ಸುತ್ತ ನಿಂತರು. ನಾನು ಬೋರ್ಡಿನಲ್ಲಿ ಮಾದರಿಯೆಂದು ಬರೆಸಿದ್ದ ಪ್ರೋಗ್ರಾಮನ್ನೇ ವಿದ್ಯಾರ್ಥಿನಿಯೊಬ್ಬಳು ಟೈಪ್ ಮಾಡಿದಳು. ಹೊಸ ಕಂಪೈಲರ್ ಕ್ಷಣದಲ್ಲಿ ಓದಿ, ಮೂರನೆಯ ಸಾಲಿನಲ್ಲಿ ತಪ್ಪುಂಟೆಂದಿತು.

“ಸರ್, ಕಟ್ಟುವಾಗ ಎಲ್ಲಿಯಾದ್ರೂ ಹಾಳಾಯ್ತಾ?” ಅವಳು ಮೆಲ್ಲ ಕೇಳಿದಳು.

ಬಗ್ಗಿ ನೋಡಿದೆ. ಸಾಲಿನ ಕೊನೆಗೆ ಇರಲೇಬೇಕಾದ ಸೆಮಿಕೋಲನ್ ಚಿಹ್ನೆ ಇಲ್ಲ. ಬೋರ್ಡಿನಲ್ಲಿ ನಾನೇ ಹಾಕಿರಲಿಲ್ಲ. ಇಡೀ ತರಗತಿ ಭಕ್ತಿಯಿಂದ ಹಾಗೆಯೇ ಬರೆದುಕೊಂಡಿತ್ತು. ಅದನ್ನು ಹಾಕಿದ್ದೇ ತಡ, ಪ್ರೋಗ್ರಾಂ ಓಡಿತು. ಚಪ್ಪಾಳೆಯೂ ಬಿತ್ತು.

“ಕಂಪೈಲರ್ ಸರಿ ಉಂಟಮ್ಮಾ,” ಎಂದೆ ಎದೆಯುಬ್ಬಿಸಿ. “ಇನ್ನು ರಿಪೇರಿ ಬೇಕಾದದ್ದು ಮಾಸ್ಟ್ರಿಗೆ.”