ಫಾಲ್ಸ್ ನೋಡಲು ಹೋದ ಹೊಸ ಪ್ಯಾಂಟು

ನಮ್ಮ ಮನೆಯವರು ಊರು ದಾಟಿ ಹೊರಟರೆ ಸುಮ್ಮನೆ ಹೋಗಿ ಸುಮ್ಮನೆ ಬಂದದ್ದು ನಾನಂತೂ ಕಂಡಿಲ್ಲ. ಮದುವೆಗೆ ಹೋದರೆ ಪಕ್ಕದ ಛತ್ರದಲ್ಲಿ ಉಂಡು ಬರುತ್ತಾರೆ, ಆಸ್ಪತ್ರೆಗೆ ಹೋದರೆ ಬೇರೆ ಯಾರದೋ ಎಕ್ಸ್‌ರೇ ಹಿಡಿದು ಬರುತ್ತಾರೆ.

ನಾನು ರೊಳ್ಳದ ಕಡೆಯವಳು. ನನ್ನ ಓರಗೆಯ ಹುಡುಗಿಯರೆಲ್ಲ ಗಾರ್ಮೆಂಟ್ಸ್ ಎಂದು ಬೆಂಗಳೂರು ಬಸ್ಸು ಹತ್ತುತ್ತಿದ್ದ ಕಾಲದಲ್ಲಿ ನಾನು ಮದುವೆಯಾಗಿ ರಾಯದುರ್ಗಕ್ಕೆ ಬಂದೆ. ಇಲ್ಲೂ ಸಿಕ್ಕಿದ್ದು ಅದೇ ಮಿಷನ್ನು. ಜೀನ್ಸ್ ಯೂನಿಟ್ಟಿನಲ್ಲಿ ಗಂಡ ಕಟಿಂಗ್ ಮಾಸ್ಟರ್, ನಾನು ಟೈಲರ್. ಒಂದು ವರ್ಷ ಆಯುಧಪೂಜೆ ಮುಗಿದ ಮೇಲೆ ಓನರ್ ವ್ಯಾನು ಮಾಡಿ, ಘಟ್ಟದ ಕಡೆ ಒಂದು ನ್ಯಾಷನಲ್ ಪಾರ್ಕಿಗೆ ನಮ್ಮನ್ನೆಲ್ಲ ಕಳಿಸಿದ. ಇದೆಲ್ಲ ಆ ಒಂದೇ ದಿನ ಆದದ್ದು.

೧. ಮ್ಯಾಚಿಂಗ್

"ಫಾಲ್ಸ್ ನೋಡಾಕ ಹೊಂಟೀವಮ್ಮ" ಎಂದು ನಮ್ಮ ಯಜಮಾನರು ಹೇಳಿದಾಗ ಅತ್ತೆಯ ಮುಖ ಅರಳಿತು.

"ನಾನೂ ಬರ್ತೀನಿ" ಎಂದರು.

ಮನೆ ಬಾಗಿಲು ದಾಟದ ಅತ್ತೆ ಇಷ್ಟು ಬೇಗ ಒಪ್ಪಿದ್ದು ನನಗೆ ಆಶ್ಚರ್ಯ. ವ್ಯಾನಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೊಂದು ಚೀಲ ಇಟ್ಟುಕೊಂಡು, ಯಾರಿಗೂ ಮುಟ್ಟಗೊಡದೆ ಕುಳಿತಿದ್ದರು. ಬುತ್ತಿ ಇರಬೇಕು ಎಂದುಕೊಂಡೆ.

ಕಾಡಿನೊಳಗೆ ಸ್ವಲ್ಪ ನಡೆದ ಮೇಲೆ ಮೊದಲನೇ ಜಲಪಾತ ಕಂಡಿತು. ನಮ್ಮ ಊರಲ್ಲಿ ನಲ್ಲಿ ನೀರು ಬಂದರೇ ಹಬ್ಬ. ಅಷ್ಟು ನೀರು ಸುಮ್ಮನೆ ಬೀಳುವುದನ್ನು ನೋಡಿ ಎಲ್ಲರೂ ಬಾಯಿ ಬಿಟ್ಟುಕೊಂಡು ನಿಂತೆವು. ಅತ್ತೆ ಮಾತ್ರ ಆ ಕಡೆ ಈ ಕಡೆ ಕತ್ತು ತಿರುಗಿಸುತ್ತಿದ್ದರು.

"ಅಂಗಡಿ ಎಲ್ಲೈತಿ?"

"ಯಾವ ಅಂಗಡಿ ಅತ್ತೆ? ಇದೇ ಕಣತ್ತೆ ಫಾಲ್ಸು."

ಅತ್ತೆ ನೀರನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಚೀಲದಿಂದ ಹೊಸ ಕೆನೆಬಣ್ಣದ ಸೀರೆ ಹೊರಬಂತು. ಅದರ ಅಂಚಿಗೆ ಫಾಲ್ಸ್ ಪಟ್ಟಿ ಹೊಲಿದುಕೊಡು ಎಂದು ಅವರು ತಿಂಗಳುಗಟ್ಟಲೆ ಕೇಳುತ್ತಿದ್ದರು. ದಿನವೆಲ್ಲ ಪ್ಯಾಂಟು ಹೊಲಿದು ಬಂದವಳಿಗೆ ಮನೆಯಲ್ಲಿ ಸೂಜಿ ಕಂಡರೆ ಮೈ ಉರಿಯುತ್ತಿತ್ತು, "ನಾಳೆ ಅತ್ತೆ" ಎಂದು ತಳ್ಳಿಕೊಂಡೇ ಬಂದಿದ್ದೆ.

"ಮತ್ತ, ಮ್ಯಾಚಿಂಗ್ ನೋಡಾಕ ಸೀರಿ ತಂದೀನಲ್ಲ!" ಎಂದರು ಅತ್ತೆ.

೨. ಈಜು

ಫಾಲ್ಸ್ ಎಂದರೆ ನೀರು ಎಂದು ಗೊತ್ತಾದದ್ದೇ ತಡ, ಅತ್ತೆಗೆ ಹೊಸ ದಿಗಿಲು ಹತ್ತಿತು. ನನ್ನನ್ನು ಪಕ್ಕಕ್ಕೆ ಕರೆದರು.

"ಅವಗ ಜಲಗಂಡ ಐತಿ. ಸಣ್ಣವ ಇದ್ದಾಗ ಐನೋರು ಹೇಳ್ಯಾರ. ಅವ ನೀರಿಗೆ ಇಳಿದ್ನೋ, ನಾ ನಿನ್ನನ್ನ ಕೇಳ್ತೀನಿ."

ಹೊರಗೆ ನಕ್ಕೆ. ಆದರೂ ಬಿರಬಿರನೆ ಅವರ ಹತ್ತಿರ ಹೋದೆ. ಇರುವುದು ಒಬ್ಬನೇ ಗಂಡ, ಅದೂ ಮಾತು ಕೇಳದ ಗಂಡ.

"ರೀ, ನೀವು ನೀರಿಗೆ ಇಳೀಬ್ಯಾಡಿ ಕಣ್ರೀ" ಎಂದೆ.

"ಯಾಕ? ನನಗ ಈಜು ಬರತೈತಿ. ಗುಮ್ಮಘಟ್ಟದ ಮಾವನ ಮನ್ಯಾಗ ಇದ್ದಾಗ ಭೈರವಾನಿತಿಪ್ಪ ಡ್ಯಾಮಿನಾಗ ಕಲ್ತೀನಿ" ಎಂದು ಯಜಮಾನರು ಎಲ್ಲರಿಗೂ ಕೇಳುವಂತೆ ಹೇಳಿದರು.

ಅತ್ತೆ ಬಿಡಲಿಲ್ಲ. "ಆ ವರ್ಷ ನಿಮ್ಮ ಮಾವ ಆ ಡ್ಯಾಮಿನಾಗ ಕುರಿ ಮೇಯಿಸ್ತಿದ್ನಲ್ಲೋ!"

೩. ಸಂಬಳ

ಈಜುವ ಮಡು ಇದ್ದದ್ದು ಇನ್ನೂ ಮೇಲೆ. ದಾರಿ ತೋರಿಸಲು ಒಬ್ಬ ಫಾರೆಸ್ಟ್ ಗಾರ್ಡ್ ಬಂದ. ಆ ಕಡೆಯ ಮನುಷ್ಯ, ಮೆತ್ತಗಿನ ಮಾತು.

"ಒಳಗೆ ಉಂಬಳ ಜಾಸ್ತಿ ಉಂಟು, ಜಾಗ್ರತೆ" ಎಂದ.

ಹಿಂದಿದ್ದ, ನಮ್ಮ ಯೂನಿಟ್ಟಿನಲ್ಲಿ ಪ್ಯಾಂಟಿಗೆ ಗುಂಡಿ ಹಾಕುವ ಹುಡುಗನಿಗೆ ಅದು ಬೇರೆಯೇ ಕೇಳಿಸಿತು. "ಸಂಬಳ ಜಾಸ್ತಿ ಐತಂತ್ರೀ, ಬರ್ರಿ ಬರ್ರಿ!" ಎಂದು ಎಲ್ಲರನ್ನೂ ತಳ್ಳಿಕೊಂಡು ಮುಂದೆ ಓಡಿದ.

ಉಂಬಳ ಎಂದರೆ ರಕ್ತ ಹೀರುವ ಜಿಗಣೆ. ಮಡು ಮುಟ್ಟುವ ಹೊತ್ತಿಗೆ ಅವನ ಎರಡೂ ಕಾಲಿಗೆ ಸಾಲಾಗಿ ಅಂಟಿದ್ದವು. ಗಾರ್ಡ್ ಉಪ್ಪು ಹಾಕಿ ಒಂದೊಂದನ್ನೇ ಉದುರಿಸಿದ.

"ಸಿಗ್ತೇನಪ್ಪ ಸಂಬಳ?" ಎಂದು ಕೇಳಿದೆ.

"ಸಿಗ್ತಕ್ಕ" ಎಂದ, ಅಳುಮುಖ ಮಾಡಿಕೊಂಡು. "ಓವರ್‌ಟೈಮ್ ಸೇರಿಸೇ ಕೊಟ್ಟಾರ."

೪. ನೀಲಿ

ಮಡುವಿನಲ್ಲಿ ಎಲ್ಲರೂ ಇಳಿದರು. ಗಂಡಸರು ಒಂದು ಕಡೆ ಈಜಿದರು, ಹೆಂಗಸರು ಇನ್ನೊಂದು ಕಡೆ ಸೀರೆ ಉಟ್ಟುಕೊಂಡೇ ಕೈಕೈ ಹಿಡಿದು ಮುಳುಗಿ ಎದ್ದರು. ನನಗೂ ಆಸೆಯಾಗಿತ್ತು. ಏನು ಮಾಡುವುದು, ನಾನೂ ಅತ್ತೆಯೂ ಯಜಮಾನರನ್ನು ನಡುವೆ ಕೂರಿಸಿಕೊಂಡು ಬಂಡೆಯ ಮೇಲೆ ಕಾವಲಿದ್ದೆವು.

ಅವರು ಅವತ್ತು ಹೊಸ ಜೀನ್ಸ್ ಹಾಕಿದ್ದರು. ಜೇಬು ಸೊಟ್ಟಗಾಗಿದೆ ಎಂದು ಓನರ್ ಪೂಜೆಯ ದಿನ ಕೊಟ್ಟ ಪೀಸು. ಹೊಲಿದದ್ದು ಹೊಲಿದ ಹಾಗೇ, ಇನ್ನೂ ವಾಷಿಂಗಿಗೆ ಹೋಗಿರಲಿಲ್ಲ. ಕಾಲು ಚಾಚಿ ಅದರ ಹೊಳಪು ತೋರಿಸುತ್ತಿದ್ದ ಮನುಷ್ಯ ಪಾಚಿಯ ಮೇಲೆ ಜಾರಿದರು. ದೊಪ್ಪನೆ ನೀರಿಗೆ ಬಿದ್ದರು. ತಲೆ ಕಾಣಲಿಲ್ಲ. ಗಾರ್ಡ್ ಹಾರಿ ಕೊರಳಪಟ್ಟಿ ಹಿಡಿದು ಎತ್ತಿದ. ನೀರು ಎದೆಮಟ್ಟವೂ ಇರಲಿಲ್ಲ.

ಸದ್ಯ ಎಂದು ಉಸಿರು ಬಿಟ್ಟೆ. ನೆಂದ ಪ್ಯಾಂಟು ಬಂಡೆಯಷ್ಟೇ ಭಾರವಾಗಿತ್ತು. ಮರೆಯಲ್ಲಿ ಅದನ್ನು ಕಳಚಿ, ಟವೆಲ್ ಸುತ್ತಿಕೊಂಡು ನಡುಗುತ್ತಾ ಬಂದರು. ಅವರನ್ನು ನೋಡಿ ಅತ್ತೆ ಕಿಟಾರನೆ ಕಿರುಚಿದರು. ತೊಡೆಯಿಂದ ಪಾದದವರೆಗೂ ಕಾಲುಗಳು ನೀಲಿ!

"ನೀರಹಾವು ಕಡದೈತಲ್ಲೋ! ವಿಷ ಏರೈತಲ್ಲೋ ನನ್ನಪ್ಪಾ!"

ಚೀಲದಿಂದ ಸೀರೆ ಎಳೆದು, ಅದರ ಅಂಚನ್ನು ಮಗನ ತೊಡೆಗೆ ಬಿಗಿಯಾಗಿ ಸುತ್ತಿ ಸುತ್ತಿ ಕಟ್ಟಿದರು. ಗಾರ್ಡ್ ಕೂಡ ಬೆವೆತುಹೋದ.

"ಉರೀತದಾ ಮಾರಾಯ್ರೇ?"

"ಇಲ್ರೀ, ಛಳಿ ಆಗತೈತ್ರೀ."

"ಜೀಪಿಗೆ ಹೇಳ್ತೇನೆ" ಎಂದು ಗಾರ್ಡ್ ಓಡಿದ. ದಿನವೆಲ್ಲ ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಯೂನಿಟ್ಟೇ ಸುತ್ತ ನಿಂತು ಲೊಚಗುಟ್ಟಿತು. ನಾನು ಅವರ ಪಾದ ಮಡಿಲಲ್ಲಿಟ್ಟುಕೊಂಡು ಉಜ್ಜುತ್ತಾ, ಅದೇ ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಗೊಳೋ ಎಂದು ಅಳುತ್ತಿದ್ದೆ. ಆ ಗಳಿಗೆಯಲ್ಲಿ ದೇವರಿಗೆ ಏನೇನು ಹರಕೆ ಹೊತ್ತೆನೋ.

ಯಜಮಾನರು ನನ್ನನ್ನೇ ನೋಡುತ್ತಾ ಬೆಚ್ಚಿಬಿದ್ದರು. "ಲೇ, ನಿನ್ನ ಮಕಾನೂ ನೀಲಿ ಆಗೈತಲ್ಲೇ! ನಿನಗೂ ಕಡೀತೇನ?"

ಅಂಗೈ ನೋಡಿಕೊಂಡೆ. ದಿನಾ ಸಂಜೆ ಸೋಪು ಹಾಕಿ ತಿಕ್ಕುವ ನೀಲಿ ಅದು.

"ಹಾವಲ್ಲ ಕಣತ್ತೆ! ಪ್ಯಾಂಟಿನ ಬಣ್ಣ ಬಿಟ್ಟೈತೆ ಕಣತ್ತೆ!"

ಆಮೇಲೆ ಯಾರು ಮೊದಲು ನಕ್ಕರೋ ಗೊತ್ತಿಲ್ಲ. ನಾನಂತೂ ಅಳುತ್ತಲೇ ನಕ್ಕೆ. ಅತ್ತೆ ಮಗನ ಬೆನ್ನಿಗೊಂದು ಗುದ್ದಿದರು, ಆಮೇಲೆ ಅದೇ ಬೆನ್ನು ಸವರಿದರು.

ಕಟ್ಟು ಬಿಚ್ಚಿ ನೋಡಿದರೆ, ಹೊಸ ಸೀರೆಯ ಅಂಚಿಗೆ ಗೇಣಗಲದ ನೀಲಿ ಪಟ್ಟಿ. ಇವತ್ತು ನನ್ನ ಕಥೆ ಮುಗಿಯಿತು ಎಂದು ತಲೆ ತಗ್ಗಿಸಿ ನಿಂತೆ. ಅತ್ತೆ ಸೀರೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮಗನ ಕಾಲು ನೋಡಿದರು. ಬೀಳುತ್ತಿದ್ದ ನೀರನ್ನೂ ನೋಡಿದರು.

"ಇರ್ಲಿ ಬಿಡು, ನನ್ನ ಮಗ ಉಳದ. ನೀನೂ ಇನ್ನ 'ನಾಳೆ ನಾಳೆ' ಅನ್ನೋದು ಬ್ಯಾಡ" ಎಂದು ಸೀರೆ ಮಡಚಿ ಚೀಲಕ್ಕೆ ಹಾಕಿದರು. "ಸೀರಿಗೆ ಫಾಲ್ಸ್ ಆತು."